ಹಾಸಿಗೆ ಗೋದಾಮಿನ ಭೂಕಂಪ

ಹಾಸಿಗೆ ಕೊಳ್ಳಲು ಹೋದವರು ನಿಂತು ಚೌಕಾಸಿ ಮಾಡಬೇಕು, ಒರಗಿ ಮಾಡಬಾರದು. ಈ ನೀತಿಯನ್ನು ನಾನು ಕಲಿತದ್ದು ಒಂದು ಭಾನುವಾರ ಮಧ್ಯಾಹ್ನ, ಅದೂ ಹೆಂಡತಿಯ ಕಣ್ಣೆದುರಿಗೆ. ಅರ್ಧ ಇಳಿಸಿದ್ದ ಷಟರಿನ ಕೆಳಗೆ ನುಸುಳಿ ಇಬ್ಬರೂ ಅಂಗಡಿಯ ಒಳಗೆ ಹೋದೆವು. ಒಳಗೆ ನರಪಿಳ್ಳೆ ಇರಲಿಲ್ಲ. "ಯಾರಪ್ಪಾ ಇದ್ದೀರಿ?" ಎಂದು ದೊಡ್ಡ ಗಿರಾಕಿಯ ಗತ್ತಿನಲ್ಲಿ ಕೂಗಿದೆ. ಗತ್ತಿಗೆ ಇನ್ನಷ್ಟು ಮೆರುಗು ಬರಲೆಂದು ಕೈಕಟ್ಟಿ ಹಿಂದಿನ ಗೋಡೆಗೆ ಒರಗಿದೆ. ಅದು ಗೋಡೆಯಾಗಿರಲಿಲ್ಲ. ಸೂರಿನವರೆಗೆ ಪೇರಿಸಿದ್ದ ಹಾಸಿಗೆಗಳ ರಾಶಿ. ಅದು ನನ್ನನ್ನು ಹೊತ್ತುಕೊಂಡೇ ನಿಧಾನವಾಗಿ ಹಿಂದಕ್ಕೆ ಮಗುಚಿತು.

ಅಲ್ಲಿಯವರೆಗೆ ಬತ್ತಿದ ಬಾವಿಯ ಹಾಗೆ ತಣ್ಣಗಿದ್ದ ಅಂಗಡಿ, ನಾನು ಬಿದ್ದ ಕ್ಷಣದಲ್ಲಿ ಸಿಡಿಲು ಬಡಿದಂತೆ ಗುಡುಗತೊಡಗಿತು. ನನ್ನ ಸೊಂಟವೇ ಮುರಿದು ಇಷ್ಟು ಸದ್ದು ಮಾಡುತ್ತಿದೆ ಎಂದುಕೊಂಡೆ. ತಲೆ ಎತ್ತಿ ನೋಡಿದರೆ ಮೂಗಿನ ಮುಂದೆಯೇ ಒಂದು ದೊಡ್ಡ ಡ್ರಮ್ಮು, ಅದರ ಹಿಂದೆ ನನ್ನ ವಯಸ್ಸಿನ ನಾಲ್ವರು ಗಂಡಸರು. ನುಡಿಸುವುದನ್ನು ಗಕ್ಕನೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮೈಕು ಹಿಡಿದವನೊಬ್ಬ ಅದರಲ್ಲೇ, "ಪ್ರಯಾಣಿಕರು ದಯವಿಟ್ಟು ಕಂಬಿಯ ಆಚೆ ನಿಲ್ಲಬೇಕು" ಎಂದ. ಡ್ರಮ್ಮಿನವನು ಎದ್ದು ಬಂದು, ಮೊದಲು ಡ್ರಮ್ಮನ್ನು ನಾಲ್ಕೂ ಕಡೆ ಸವರಿ ನೋಡಿ, ಆಮೇಲೆ ನನ್ನತ್ತ ತಿರುಗಿದ.

"ಹತ್ತಿ ಮೇಲೆ ಬಿದ್ದಿದ್ದೀರಿ ಸಾರ್, ಏನೂ ಆಗಿರಲ್ಲ. ಸ್ವಲ್ಪ ಈ ಕಡೆ ಬಿದ್ದಿದ್ರೆ ಗಾಬರಿ ಆಗೋದು."

"ನನಗೇನಾಗ್ತಿತ್ತು?"

"ನಿಮಗಲ್ಲ. ಡ್ರಮ್ಮಿಗೆ."

ಷಟರಿನ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು. "ಏಳ್ರೀ ಮೇಲೆ, ಮಾನ ಹೋಯ್ತು."

ಹೀಗೆ ನನಗೆ ಪರಿಚಯವಾದ ಆ ಡ್ರಮ್ಮಿನವನೇ ಅಂಗಡಿಯ ಯಜಮಾನ ಹಾಸಿಗೆಯಣ್ಣ. ಅವನ ತಂಡದ ಸಂಗೀತವನ್ನು ಆ ಹಾಸಿಗೆಗಳ ನಡುವೆ ಪೂರ್ತಿ ದನಿಯಲ್ಲಿ ಕೇಳಿದ ಮೊದಲ ಹೊರಗಿನವನು ನಾನೇ ಎಂದು ಆಮೇಲೆ ತಿಳಿಯಿತು. ಆ ಗೌರವಕ್ಕಾಗಿ ಒಂದು ವಾರ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡೆ. ಇನ್ನು ನನ್ನ ಪುರಾಣ ಸಾಕು, ಅವನದನ್ನು ಹೇಳುತ್ತೇನೆ.

ಹಾಸಿಗೆಯಣ್ಣ ಹುಟ್ಟಿದ್ದು, ಅಂಬೆಗಾಲಿಟ್ಟದ್ದು, ಮೊದಲ ಸಲ ಬಿದ್ದದ್ದು ಎಲ್ಲವೂ ಆ ಅಂಗಡಿಯಲ್ಲೇ. ಬಿದ್ದರೂ ನೋವಾಗದ ಮನೆಯಲ್ಲಿ ಬೆಳೆದದ್ದರಿಂದಲೋ ಏನೋ, ಬೀಳುವುದೆಂದರೆ ಅವನಿಗೆ ಎಂದೂ ಭಯವಿರಲಿಲ್ಲ. ಅಪ್ಪ ಹಾಸಿಗೆ ಮಾಡುತ್ತಿದ್ದ. ಹಿಂಜಿದ ಹತ್ತಿಯನ್ನು ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ನೆಲದ ಮೇಲೆ ಹಾಸಿ, ಎರಡು ಬೆತ್ತ ಹಿಡಿದು ಬಡಿಯಬೇಕು. ಹತ್ತಿ ಮೂಲೆಮೂಲೆಗೂ ಸರಿದು ಸಮವಾಗಬೇಕು, ಎಲ್ಲಿಯೂ ಗಂಟು ಉಳಿಯಬಾರದು. ಆಮೇಲೆ ದಬ್ಬಣದಿಂದ ಅಲ್ಲಲ್ಲಿ ಹೊಲಿಗೆ ಹಾಕಿ ಕಟ್ಟಬೇಕು. ಮಗನ ಕೈಗೆ ಬೆತ್ತ ಕೊಟ್ಟ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ಸಿಟ್ಟಲ್ಲಿ ಬಡಿದ್ರೆ ಹತ್ತಿ ಗಂಟು ಕಟ್ಟುತ್ತೆ ಮಗಾ. ಲಯದಲ್ಲಿ ಬಡಿ. ಕೈಯೂ ನೋಯಲ್ಲ, ಮಲಗೋನ ಬೆನ್ನೂ ನೋಯಲ್ಲ."

ಮಗ ಲಯದಲ್ಲಿ ಬಡಿದ. ಎಷ್ಟು ಲಯದಲ್ಲಿ ಬಡಿದನೆಂದರೆ, ಬೀದಿಯಲ್ಲಿ ನಡೆದು ಹೋಗುವವರ ಕಾಲುಗಳು ತಾವಾಗಿಯೇ ಅವನ ಪೆಟ್ಟಿಗೆ ಹೊಂದಿಕೊಳ್ಳುತ್ತಿದ್ದವು. ಒಮ್ಮೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಲ್ಲಿ ಸೋರಿ ಪ್ಲಂಬರನೊಬ್ಬ ಬಂದ. ಅವನು ತೊಟ್ಟಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದ, ಇವನು ಆಚೆ ಹಾಸಿಗೆ ಬಡಿಯುತ್ತಿದ್ದ. ಇದ್ದಕ್ಕಿದ್ದಂತೆ ಇವನ ಎರಡು ಪೆಟ್ಟುಗಳ ನಡುವೆ ಪೈಪಿನ ಮೇಲೆ ಸ್ಪ್ಯಾನರಿನ ಒಂದು ಪೆಟ್ಟು ಬಂದು ಕೂತಿತು. ಹೀಗೇ ಅರ್ಧ ಗಂಟೆ ನಡೆಯಿತು. ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಇಬ್ಬರೂ ಜೀವದ ಗೆಳೆಯರಾಗಿದ್ದರು. ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಹಾಸಿಗೆಯಣ್ಣ ಡ್ರಮ್ಮು ಕೊಂಡು ಅದೇ ಬೆತ್ತಗಳಿಂದ ಬಾರಿಸತೊಡಗಿದ, ಪ್ಲಂಬರ್ ದಪ್ಪ ತಂತಿಯ ಬೇಸ್ ಗಿಟಾರ್ ಕಲಿತ. ಮೂಲೆಯ ಕನ್ನಡಕದಂಗಡಿಯವನ ಹತ್ತಿರ ಇನ್ನೊಂದು ಗಿಟಾರ್ ಇತ್ತು, ಗಾಜು ಉಜ್ಜಿ ಉಜ್ಜಿ ನಯವಾದ ಬೆರಳುಗಳಿದ್ದವು. ಹಾಡಲು ಬಂದವನು ಬಸ್ ನಿಲ್ದಾಣದ ಅನೌನ್ಸರ್. ಊರಿನ ಅರ್ಧ ಜನಕ್ಕೆ ಅವನ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಎಂಥ ಪ್ರೇಮಗೀತೆ ಹಾಡಿದರೂ ಒಂದೊಂದು ಅಕ್ಷರವನ್ನೂ ಬಿಡಿಸಿ ಹಾಡುತ್ತಿದ್ದ. ಹಾಡು ಕಟ್ಟುತ್ತಿದ್ದವನೂ ಅವನೇ. 'ಬರಬೇಕಾದದ್ದು ಬರಲಿಲ್ಲ, ಬಂದದ್ದು ನನ್ನದಲ್ಲ' ಎಂಬುದು ಅವರ ಮೊದಲ ಹಾಡು. ಕೇಳಿದವರು ವಿರಹಗೀತೆ ಎನ್ನುತ್ತಿದ್ದರೇನೋ. ಅವನು ಬರೆದದ್ದು ಬಸ್ಸಿನ ಬಗ್ಗೆ.

ರಾಕ್ ತಂಡಕ್ಕೆ 'ಭೂಕಂಪ' ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅಭ್ಯಾಸಕ್ಕೆ ಜಾಗ ಹುಡುಕಬೇಕಾಯಿತು. ಪ್ಲಂಬರನ ಮನೆಯಲ್ಲಿ ಮೊದಲ ದಿನವೇ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಕನ್ನಡಕದಂಗಡಿಯ ಮಹಡಿಯಲ್ಲಿ ನುಡಿಸಿದಾಗ ಕೆಳಗೆ ಗೂಡಿನಲ್ಲಿದ್ದ ಫ್ರೇಮುಗಳು ಒಂದೊಂದಾಗಿ ನೆಲಕ್ಕೆ ಧುಮುಕಿದವು. ಅನೌನ್ಸರನ ಮನೆಯಲ್ಲಿ ಅತ್ತೆ ಇದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ಉಳಿದದ್ದು ಹಾಸಿಗೆ ಗೋದಾಮು. ನಾಲ್ಕು ಗೋಡೆಗೂ ಹಾಸಿಗೆ, ಬಾಗಿಲಿಗೂ ಹಾಸಿಗೆ, ಮೇಲೆ ಅಟ್ಟದ ಮೇಲೂ ಹಾಸಿಗೆ. ಒಳಗೆ ಆಕಾಶ ಕಳಚಿ ಬಿದ್ದರೂ ಹೊರಗೆ ಒಂದು ಪಿಸುಮಾತು ಬರುತ್ತಿರಲಿಲ್ಲ. ಅಲ್ಲಿ ಭಾನುವಾರ ಭಾನುವಾರ ನುಡಿಸುತ್ತ ನುಡಿಸುತ್ತ ಅವರು ನಿಜಕ್ಕೂ ಒಳ್ಳೆಯ ತಂಡವಾದರು. ನಾನು ಬಿದ್ದು ಎದ್ದು ಕೇಳಿದವನು, ಸುಳ್ಳು ಹೇಳುವುದಿಲ್ಲ. ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುವ ಮೊದಲು ಹಿತ್ತಲಲ್ಲಿ ಗಿಡ ಇದೆ ಎಂದಾದರೂ ಗೊತ್ತಿರಬೇಕಲ್ಲ. ಭೂಕಂಪದ ವಿಷಯ ಪಕ್ಕದ ಬೀದಿಗೂ ತಿಳಿಯಲಿಲ್ಲ.

ಪಕ್ಕದ ಬೀದಿ ಹೋಗಲಿ, ಹಾಸಿಗೆಯಣ್ಣನ ಹೆಂಡತಿಯೇ ನಂಬಲಿಲ್ಲ.

ಆಕೆ ಆಸ್ಪತ್ರೆಯಲ್ಲಿ ನರ್ಸು. ಬೇರೆಯವರ ಮಕ್ಕಳು ಹುಟ್ಟುವ ಹೊತ್ತಿಗೆಲ್ಲ ಎಚ್ಚರವಿರಬೇಕಾದ ಕೆಲಸ. ನಿದ್ದೆ ಎಂದರೆ ಆಕೆಗೆ ಬಂಗಾರ. ಅಂಥವಳಿಗೆ ಗಂಡನೆಂಬುವನು ಪ್ರತಿ ಭಾನುವಾರ ಊಟ ಮುಗಿಸಿ, "ಬ್ಯಾಂಡ್ ಇದೆ ಕಣೇ" ಎಂದು ಹಾಸಿಗೆಗಳಿಂದ ತುಂಬಿದ ಕೋಣೆಗೆ ಹೋಗಿ ಸಂಜೆಗೆ ಕೂದಲು ಕೆದರಿಕೊಂಡು ಬರುತ್ತಿದ್ದ. ಒಂದು ಭಾನುವಾರ ಆಕೆ ಪರೀಕ್ಷೆ ಮಾಡಲು ಹೋದಳು. ಗೋದಾಮಿನ ಬಾಗಿಲಿಗೆ ಕಿವಿ ಇಟ್ಟಳು. ನಿಶ್ಶಬ್ದ. ಬಾಗಿಲು ತಳ್ಳಿದಳು. ಆಗಷ್ಟೇ ದೊಡ್ಡ ಹಾಡೊಂದನ್ನು ಮುಗಿಸಿ ಸುಸ್ತಾಗಿದ್ದ ನಾಲ್ವರೂ ಒಬ್ಬೊಬ್ಬರು ಒಂದೊಂದು ಹಾಸಿಗೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ್ದರು.

"ಓಹೋ, ಭೂಕಂಪ ಜೋರಾಗೇ ಆಗ್ತಾ ಇದೆ" ಎಂದಳು.

"ಇಲ್ಲ ಕಣೇ, ಈಗ ತಾನೇ ನಿಲ್ಸಿದ್ವಿ..."

"ಕಳ್ಳನಿಗೊಂದು ಪಿಳ್ಳೆ ನೆವ, ನಿಮಗೊಂದು ಡ್ರಮ್ಮು. ಮಲಗಿ, ಮಲಗಿ. ಹೊದಿಯೋಕೆ ಏನಾದ್ರೂ ತರ್ಲಾ?" ಅವನು ಎದ್ದು ಬೆತ್ತ ಹುಡುಕುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು.

ಅವನು ಹಾಡೊಂದನ್ನು ರೆಕಾರ್ಡ್ ಮಾಡಿ ಮನೆಗೆ ತಂದ. ಆಕೆ ಕೊನೆಯವರೆಗೂ ಕೇಳಿದಳು. "ಚೆನ್ನಾಗಿದೆ. ಯಾರದ್ದು ಇದು?" ಎಂದಳು. ನಮ್ಮದೇ ಎಂದಾಗ ನಕ್ಕಳು. "ಇಷ್ಟು ಚೆನ್ನಾಗಿ ನೀವು ಬಾರಿಸ್ತೀರಾ? ಯಾರ ಕಿವಿಗೆ ಹೂ ಇಡ್ತೀರಿ?" ಎಂದಳು. ಹಾಸಿಗೆಯಣ್ಣ ಪೇಚಿಗೆ ಸಿಕ್ಕಿದ. ಕೆಟ್ಟದಾಗಿ ನುಡಿಸಿದ್ದರೆ ಅವಳು ನಂಬುತ್ತಿದ್ದಳು. ಚೆನ್ನಾಗಿ ನುಡಿಸಿದಷ್ಟೂ ಅಪನಂಬಿಕೆ ಹೆಚ್ಚುತ್ತಿತ್ತು. ಕೊನೆಗೆ ನನ್ನನ್ನೇ ಸಾಕ್ಷಿಗೆ ಕರೆದೊಯ್ದ. ನಾನು ಸೊಂಟ ಹಿಡಿದುಕೊಂಡು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಆಕೆ ನನಗೆ ಟೀ ಕೊಟ್ಟು, ಗಂಡನ ಕಡೆ ತಿರುಗಿ, "ಪಾಪ, ಇವರಿಗೆ ಎಷ್ಟು ಹಾಸಿಗೆ ಬಿಟ್ಟಿ ಕೊಟ್ರಿ?" ಎಂದಳು.

ಭೂಕಂಪಕ್ಕೆ ಅವಕಾಶಗಳು ಬರಲೇ ಇಲ್ಲ ಎನ್ನುವಂತಿಲ್ಲ. ಒಂದು ಚಪ್ಪಲಿ ಅಂಗಡಿಯ ಆರಂಭೋತ್ಸವಕ್ಕೆ ಕರೆದರು, ಮೊದಲ ಪೆಟ್ಟಿಗೇ ಕರೆಂಟು ಹೋಯಿತು. ಪತ್ರಿಕೆಯಲ್ಲಿ ಫೋಟೋ ಬಂತು, ಹಿಂದೆ ಹಾಸಿಗೆಗಳು ಕಂಡದ್ದರಿಂದ ಕೆಳಗೆ 'ರಿಯಾಯಿತಿ ಮಾರಾಟಕ್ಕೆ ಉತ್ತಮ ಪ್ರತಿಕ್ರಿಯೆ' ಎಂದು ಹಾಕಿದ್ದರು. ಪ್ಲಂಬರ್ ಅದನ್ನೂ ಕತ್ತರಿಸಿ ಇಟ್ಟುಕೊಂಡ. "ಪ್ರತಿಕ್ರಿಯೆ ಉತ್ತಮ ಅಂತಾನೇ ಬರೆದಿದ್ದಾರಲ್ಲ" ಎಂದ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಅಷ್ಟು ವರ್ಷ ಹತ್ತಿಯ ನಡುವೆ ನುಡಿಸಿದವರಿಗೆ ಸದ್ದು ಹೋದರೆ ಹೋಯಿತು ಎಂಬುದಷ್ಟೇ ಗೊತ್ತಿತ್ತು. ಗೋಡೆಗೆ ಬಡಿದು ವಾಪಸ್ಸು ಬರುತ್ತದೆಂದು ಗೊತ್ತಿರಲಿಲ್ಲ. ಹಾಸಿಗೆಯಣ್ಣ ಒಂದು ಪೆಟ್ಟು ಹಾಕಿದರೆ ಎರಡು ಕೇಳಿಸಿತು. ಎರಡನೆಯದು ಪ್ಲಂಬರನದು, ಬಡಪಾಯಿ ಹಿಂದೆ ಬೀಳುತ್ತಿದ್ದಾನೆ ಎಂದು ಇವನು ತುಸು ನಿಧಾನಿಸಿದ. ಪ್ಲಂಬರನಿಗೂ ಹಾಗೆಯೇ ಅನಿಸಿ ಅವನೂ ನಿಧಾನಿಸಿದ. ಕನ್ನಡಕದವನು ಇಬ್ಬರಿಗೂ ಕಾದ. ಹೀಗೆ ಪರಸ್ಪರ ದಾಕ್ಷಿಣ್ಯದಿಂದ ಹಾಡು ನಿಧಾನವಾಗುತ್ತಾ ಆಗುತ್ತಾ ಏರು ಹತ್ತುವ ಎತ್ತಿನ ಗಾಡಿಯಂತಾಯಿತು. ಅನೌನ್ಸರ್ ಮಾತ್ರ ತನ್ನ ಪಾಡಿಗೆ ಹಾಡಿ ಮುಗಿಸಿ ಕೈಕಟ್ಟಿ ನಿಂತಿದ್ದ. ಉಳಿದವರು ಇನ್ನೂ ಎರಡನೇ ಚರಣದಲ್ಲಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು, ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಎದ್ದು ತಲೆ ತಗ್ಗಿಸಿದರು. ಅವರನ್ನು ನೋಡಿ ಸಭೆಯೆಲ್ಲ ಎದ್ದು ನಿಂತಿತು.

"ಜನ ಎದ್ದು ನಿಂತ್ರು ಕಣೇ" ಎಂದು ಹಾಸಿಗೆಯಣ್ಣ ಮನೆಗೆ ಬಂದು ಹೇಳಿದ.

"ಮನೆಗೆ ಹೋಗೋಕೆ ನಿಂತಿರ್ತಾರೆ."

ಅದೇ ಸಮಯಕ್ಕೆ ಪುರಭವನದಲ್ಲಿ ಹೊಸ ತಂಡಗಳ ಸ್ಪರ್ಧೆ ಇದೆಯೆಂದು ಸುದ್ದಿ ಬಂತು. ಇವನು ಹೆಸರು ಕೊಟ್ಟು ಬಂದು ಹೆಂಡತಿಗೆ ಹೇಳಿದ. ಆಕೆ ಗಂಭೀರವಾಗಿಯೇ ಹೇಳಿದಳು.

"ನೋಡ್ರೀ, ರಾತ್ರಿ ಡ್ಯೂಟಿ ಮುಗಿಸ್ಕೊಂಡು ನಿದ್ದೆಗೆಟ್ಟಾದ್ರೂ ಬರ್ತೀನಿ. ಮುಂದೆ ಕೂತು ಕೇಳ್ತೀನಿ. ನೀವು ನಿಜವಾಗ್ಲೂ ಬಾರಿಸಿದ್ರೆ ನನ್ನ ಮಾತು ವಾಪಸ್ಸು. ಇಲ್ದಿದ್ರೆ ಆ ಡ್ರಮ್ಮು ಯಾರಿಗಾದ್ರೂ ಕೊಟ್ಟುಬಿಡಿ, ಭಾನುವಾರ ಮನೇಲಿರಿ. ನನಗೂ ಒಬ್ಬಳೇ ಕೂತು ಬೇಜಾರಾಗಿದೆ."

ಕೊನೆಯ ಮಾತು ಅವನಿಗೆ ನಾಟಿತು. ಅಷ್ಟು ವರ್ಷ ಅವಳು ಅಣಕಿಸುತ್ತಿದ್ದಾಳೆ ಎಂದುಕೊಂಡಿದ್ದ, ಕಾಯುತ್ತಿದ್ದಾಳೆ ಎಂದು ತಿಳಿದಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದ. ಬಹುಮಾನ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಅವಳು ಕೇಳಬೇಕು.

ಈ ಸಲ ಎಡವಬಾರದೆಂದು ಅವನು ಹಗಲೂ ರಾತ್ರಿ ಯೋಚಿಸಿದ. ದೋಷ ಇದ್ದದ್ದು ತಂಡದಲ್ಲಲ್ಲ, ಗೋಡೆಗಳಲ್ಲಿ ಎಂಬ ತೀರ್ಮಾನಕ್ಕೆ ಬಂದ. ಗೋದಾಮಿನಲ್ಲಿ ಚೆನ್ನಾಗಿ ಬರುತ್ತದೆ ಎಂದ ಮೇಲೆ ಗೋದಾಮನ್ನೇ ವೇದಿಕೆಗೆ ಒಯ್ದರಾಯಿತು. ಸ್ಪರ್ಧೆಯ ದಿನ ಮಧ್ಯಾಹ್ನ ಒಂದು ಟೆಂಪೋ ತುಂಬ ಹಾಸಿಗೆ ಬಂತು. ಪುರಭವನದ ಮ್ಯಾನೇಜರ್, "ಇಲ್ಲಿ ಉಳ್ಕೊಳ್ಳೋಕೆ ವ್ಯವಸ್ಥೆ ಇಲ್ಲ ಕಣ್ರೀ" ಎಂದು ಅಡ್ಡ ನಿಂತ. ಅವನನ್ನು ಒಪ್ಪಿಸಿ, ಹಿಂದೆ, ಎಡಕ್ಕೆ, ಬಲಕ್ಕೆ ಹಾಸಿಗೆ ನಿಲ್ಲಿಸಿದರು. ಕನ್ನಡಕದವನು ತಂತಿ ಮೀಟಿ ನೋಡಿದ.

"ಇನ್ನೂ ಎಲ್ಲಿಂದಲೋ ವಾಪಸ್ ಬರ್ತಿದೆ."

"ಆ ದೊಡ್ಡ ಸ್ಪೀಕರ್ ಬಾಕ್ಸಿಂದ ಕಣೋ, ಮುಂದಿರೋದು" ಎಂದ ಪ್ಲಂಬರ್.

"ಹಾಗಾದ್ರೆ ಅದಕ್ಕೂ ಹಾಕಿ" ಎಂದ ಹಾಸಿಗೆಯಣ್ಣ.

ಎರಡೂ ಸ್ಪೀಕರುಗಳಿಗೆ ದಪ್ಪನೆಯ ಡಬಲ್ ಹಾಸಿಗೆಗಳನ್ನು ಸುತ್ತಿ ಹಗ್ಗ ಬಿಗಿದರು. ಹಾಸಿಗೆಯಣ್ಣನೇ ಕೈಯಾರೆ ಗಂಟು ಹಾಕಿದ. ಈಗ ವೇದಿಕೆಯ ಮೇಲೆ ಥೇಟ್ ಗೋದಾಮಿನ ದನಿ. ನಾಲ್ವರೂ ಮುಖ ಮುಖ ನೋಡಿಕೊಂಡು ಸಂತೋಷಪಟ್ಟರು.

ಸಂಜೆ ಅವರ ಸರದಿ ಬಂತು. ಪರದೆ ಸರಿದಾಗ ಹಾಸಿಗೆಯಣ್ಣನಿಗೆ ಮೂರನೇ ಸಾಲಿನಲ್ಲಿ ಹೆಂಡತಿ ಕಂಡಳು. ರಾತ್ರಿಯೆಲ್ಲ ಎದ್ದು ಹಗಲೂ ಮಲಗದ ಮುಖ, ಮಡಿಲಲ್ಲಿ ಕೈಚೀಲ, ನೆಟ್ಟಗೆ ಕೂತಿದ್ದಳು. ಅವನು ಕಣ್ಣು ಮುಚ್ಚಿ ಬೆತ್ತ ಎತ್ತಿದ.

ಅಂದಿನ ಹಾಗೆ ಅವರು ಹಿಂದೆಂದೂ ನುಡಿಸಿರಲಿಲ್ಲವಂತೆ. 'ಅಂತೆ' ಏಕೆಂದರೆ ನಾನು ಸಭೆಯಲ್ಲೇ ಇದ್ದೆ, ನನಗೆ ಕೇಳಿಸಲಿಲ್ಲ. ವೇದಿಕೆಯ ಮೇಲೆ ನಾಲ್ವರು ಮೈಮೇಲೆ ಬಂದವರಂತೆ ಕುಣಿಯುತ್ತಿದ್ದರು. ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಮಗು ತಟ್ಟಿ ಮಲಗಿಸುತ್ತಿರುವ ಹಾಗೆ ಮೆಲ್ಲಗೆ, ಮೆತ್ತಗೆ ಬರುತ್ತಿತ್ತು. ಅದಕ್ಕೆ ಮುಂಚೆ ಐದಾರು ತಂಡಗಳ ಅಬ್ಬರ ಕೇಳಿ ಬಳಲಿದ್ದ ಸಭೆಗೆ ಹಿತವೆನಿಸಿತು. ಮೊದಲು ಒಬ್ಬ ತೀರ್ಪುಗಾರರ ಗದ್ದ ಎದೆಗೆ ತಾಗಿತು. ಮತ್ತೊಬ್ಬರು ಅವರ ಹೆಗಲಿಗೆ ಒರಗಿದರು. ಸಾಲು ಸಾಲಾಗಿ ತಲೆಗಳು ಬಾಗಿದವು. ಹಾಸಿಗೆಯಣ್ಣನಿಗೆ ದೀಪದ ಬೆಳಕಿನಲ್ಲಿ ಅಷ್ಟು ಸ್ಪಷ್ಟ ಕಾಣಲಿಲ್ಲ. ಸಭೆ ಮಂತ್ರಮುಗ್ಧವಾಗಿದೆ ಎಂದುಕೊಂಡು ಇನ್ನೂ ಹುರುಪಿನಿಂದ ಬಡಿದ.

ಹಾಡು ಮುಗಿಯಿತು. ಚಪ್ಪಾಳೆ ಬರಲಿಲ್ಲ. ತುಸು ಹೊತ್ತಾದ ಮೇಲೆ ಹಿಂದಿನಿಂದ ಒಂದು ಗೊರಕೆ ಬಂತು. ಬಹುಮಾನ ಇನ್ನಾರಿಗೋ ಹೋಯಿತು, ಜನ ಎದ್ದು ಆಕಳಿಸುತ್ತ ಹೊರಟರು. ತೀರ್ಪುಗಾರರೊಬ್ಬರು ಹೋಗುವಾಗ ಅನೌನ್ಸರನ ಕೈಕುಲುಕಿ, "ತುಂಬಾ ದಿನದ ಮೇಲೆ ತಲೆನೋವು ಹೋಯ್ತು" ಎಂದರು.

"ಅತ್ತಿಗೆ ಎಲ್ಲಿ?" ಎಂದ ಪ್ಲಂಬರ್.

ಅತ್ತಿಗೆ ಮೂರನೇ ಸಾಲಿನಲ್ಲಿ, ಕೈಚೀಲ ತಬ್ಬಿಕೊಂಡು, ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಳು.

ಹಾಸಿಗೆಯಣ್ಣ ಡ್ರಮ್ಮಿನ ಹಿಂದೆ ಕುಸಿದು ಕೂತ. ಪ್ಲಂಬರನಿಗೆ ಮಾತ್ರ ಅನುಮಾನ ಬಂತು. ಸೋರಿಕೆ ಹುಡುಕುವ ಕಸುಬಿನವನು. ವೇದಿಕೆ ಇಳಿದು ಸಭೆಯ ನಡುವೆ ನಿಂತು, "ಒಂದು ಸಾಲು ಹಾಡೋ" ಎಂದ. ಅನೌನ್ಸರ್ ಹಾಡಿದ.

"ಹಾಡೋ ಅಂದ್ರೆ!"

"ಹಾಡ್ತಾ ಇದ್ದೀನಲ್ಲೋ!" ಎಂದು ಮೈಕು ಬಿಟ್ಟು ಕೂಗಿದ ಅನೌನ್ಸರ್.

ನಾಲ್ವರ ಕಣ್ಣೂ ನಿಧಾನವಾಗಿ ಸ್ಪೀಕರುಗಳ ಕಡೆ ತಿರುಗಿದವು. ಅವು ಚಳಿಗೆ ಕಂಬಳಿ ಹೊದ್ದ ಅಜ್ಜಂದಿರಂತೆ ನಿಂತಿದ್ದವು.

"ಯಾರೋ ಇದನ್ನ ಕಟ್ಟಿದ್ದು?" ಎಂದ ಕನ್ನಡಕದವನು. ಕಟ್ಟಿದವನು ಆಗಲೇ ಎದ್ದು ಹಗ್ಗ ಬಿಚ್ಚುತ್ತಿದ್ದ. ಗಂಟು ಭದ್ರವಾಗಿ ಹಾಕಿದ್ದರಿಂದ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು.

"ಬಿಚ್ಚಿ ಏನು ಮಾಡ್ತೀಯಾ?" ಎಂದ ಪ್ಲಂಬರ್. "ಜನ ಹೋಗಾಯ್ತು. ಖಾಲಿ ಹಾಲು, ಒಂದು ಪೆಟ್ಟು ಹಾಕಿದ್ರೆ ಮೂರು ಕೇಳ್ಸುತ್ತೆ. ಮತ್ತೆ ಎತ್ತಿನ ಗಾಡೀನೇ."

ಆಗ ಅನೌನ್ಸರ್ ಗಂಟಲು ಸರಿಪಡಿಸಿಕೊಂಡ. "ವಾಪಸ್ ಬರೋದನ್ನ ಕೇಳಿಸ್ಕೊಳ್ಳೋಕೆ ಹೋಗಬಾರದು. ಬಸ್ ಸ್ಟ್ಯಾಂಡಲ್ಲಿ ನಾನು ಒಂದು ಸಲ ಹೇಳಿದ್ದು ಮೂರು ಸಲ ವಾಪಸ್ ಬರುತ್ತೆ. ಅದಕ್ಕೆ ಕಾಯ್ತಾ ಕೂತ್ರೆ ಒಂದು ಬಸ್ಸೂ ಹೊರಡಲ್ಲ. ಹೋದದ್ದು ಹೋಯ್ತು ಅಂತ ಮುಂದಿಂದು ಹೇಳ್ತಾ ಹೋಗೋದು, ಅಷ್ಟೇ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿನಗೆ?" ಎಂದು ರೇಗಿದ ಪ್ಲಂಬರ್.

"ಶಾಲೇಲಿ ಹೇಳೋಕೆ ಬಂದೆ. ಹಾಡು ಬೇಗ ಮುಗಿಸಿದೆ ಅಂತ ಮೂರೂ ಜನ ಸೇರ್ಕೊಂಡು ಬೈದ್ರಿ, ಅವಸರಗೇಡಿ ಅಂತ. ಆಮೇಲೆ ಯಾರಾದ್ರೂ ವಿಚಾರಿಸಿದ್ರಾ?"

ಮ್ಯಾನೇಜರ್ ಬಾಗಿಲಲ್ಲಿ ಬೀಗದ ಕೈ ಆಡಿಸುತ್ತ, "ಹಾಲ್ ಖಾಲಿ ಮಾಡ್ಬೇಕು" ಎಂದ. ಹಾಸಿಗೆಯಣ್ಣ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಮೂರನೇ ಸಾಲಿನ ಕಡೆ ಒಮ್ಮೆ ನೋಡಿದ. ನಾಳೆಯಿಂದ ಡ್ರಮ್ಮು ಇರುವುದಿಲ್ಲ, ಆಡಿದ ಮಾತಿಗೆ ತಪ್ಪುವವನು ಅವನಲ್ಲ. ಇರುವುದು ಈ ಒಂದು ಹಾಡು. ಬೆತ್ತ ಎತ್ತಿದ.

ಪುರಭವನದ ಕಿಟಕಿಗಳು ಅದುರಿದವು. ಸೂರಿನಲ್ಲಿದ್ದ ಪಾರಿವಾಳಗಳು ಒಟ್ಟಿಗೇ ಎದ್ದವು. ವಾಪಸ್ಸು ಬಂದ ಸದ್ದನ್ನು ಹಾಸಿಗೆಯಣ್ಣ ತಿರುಗಿಯೂ ನೋಡಲಿಲ್ಲ. ಹೋದದ್ದು ಹೋಯಿತು, ಮುಂದಿನದು, ಅದರ ಮುಂದಿನದು. ಪ್ಲಂಬರ್ ಅವನ ಪೆಟ್ಟುಗಳ ನಡುವೆ ಬಂದು ಕೂತ, ಕನ್ನಡಕದವನು ಇಬ್ಬರ ಮೇಲೂ ಹಾರಿದ, ಬರಬೇಕಾದದ್ದು ಬರಲಿಲ್ಲ ಎಂದು ಅನೌನ್ಸರ್ ಒಂದೊಂದು ಅಕ್ಷರವನ್ನೂ ಸಿಡಿಲಿನಂತೆ ಬಿಡಿಸಿ ಹಾಡಿದ. ಕಸ ಗುಡಿಸುತ್ತಿದ್ದವರು ಪೊರಕೆ ಹಿಡಿದೇ ನಿಂತರು. ಗೇಟಿನವರೆಗೆ ಹೋಗಿದ್ದ ನಾವು ಕೆಲವರು ಓಡೋಡಿ ಒಳಗೆ ಬಂದೆವು. ಮ್ಯಾನೇಜರನ ಕೈಯಲ್ಲಿ ಬೀಗದ ಕೈಗಳ ಗೊಂಚಲು ತಾಳಕ್ಕೆ ಸರಿಯಾಗಿ ಅಲುಗುತ್ತಿತ್ತು. ತೀರ್ಪುಗಾರರ ಕಾರು ಮಾತ್ರ ಆಗಲೇ ಹೊರಟುಹೋಗಿತ್ತು.

ಮೂರನೇ ಸಾಲಿನಲ್ಲಿ ನರ್ಸಮ್ಮ, "ಯಾವ ಬೆಡ್ಡು?" ಎನ್ನುತ್ತ ಧಡಕ್ಕನೆ ಎದ್ದು ನಿಂತಳು. ಎಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಗಂಡನ ಕೈಗಳನ್ನೇ ನೋಡಿದಳು. ಅಭ್ಯಾಸಬಲದಿಂದ ತನ್ನ ಕೈಗಡಿಯಾರದತ್ತ ಕಣ್ಣು ಹೋಯಿತು. ರೋಗಿಯ ನಾಡಿ ನೋಡುವ ಹಾಗೆ ಅವನ ಪೆಟ್ಟುಗಳನ್ನು ಮುಳ್ಳಿನ ಜೊತೆ ಎಣಿಸಿದಳು. ಒಂದೂ ತಪ್ಪಲಿಲ್ಲ. ಗಡಿಯಾರದ ಕೈಯನ್ನು ಕೆಳಗಿಳಿಸಿ ಸುಮ್ಮನೆ ಕೇಳುತ್ತ ನಿಂತಳು.

ಹಾಡು ಮುಗಿದಾಗ ಪೊರಕೆಯವರೂ ಮ್ಯಾನೇಜರನೂ ನಾವೂ ಸೇರಿ ಕೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಆಕೆ ತಟ್ಟಲಿಲ್ಲ. ನಿಧಾನವಾಗಿ ವೇದಿಕೆಯ ಅಂಚಿಗೆ ಬಂದಳು. ಹಾಸಿಗೆಯಣ್ಣ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಅವಳ ಬಾಯನ್ನೇ ನೋಡುತ್ತಿದ್ದ.

"ಇದು ನೀವೇನಾ?"

"ನಾನೇ."

"ಡ್ರಮ್ಮು ಕೊಡೋ ಮಾತು ಬಿಡಿ. ಮುಂದಿನ ಭಾನುವಾರ ನಾನೂ ಬರ್ತೀನಿ." ಅಷ್ಟು ಹೇಳಿದ ಮೇಲೆ ಆಕೆಗೆ ಸಿಟ್ಟು ಬಂತು. "ಅಲ್ಲಾರೀ, ಬುದ್ಧಿ ಬೇಡ್ವಾ ನಿಮಗೆ? ಜಡ್ಜುಗಳು ಹೋದ್ಮೇಲೆ ಯಾರಿಗೆ ಇದು? ಅವರೆಲ್ಲ ಕೂತಿದ್ದಾಗಲೇ ಈ ಹಾಡು ಯಾಕೆ ಬಾರಿಸ್ಲಿಲ್ಲ?"

ಹಾಸಿಗೆಯಣ್ಣ ಬೆತ್ತಗಳನ್ನು ಚೀಲಕ್ಕೆ ಹಾಕುತ್ತ ಹೇಳಿದ.

"ಬಾರಿಸಿದ್ವಲ್ಲ. ನೀನು ಮಲಗಿದ್ದೆ."